ಬಂದೆಗುಡ್ಡಕ್ಕೆ ಆ ಹೆಸರು ಬಂದ ಬಗೆ

ಕನಕಪುರದಿಂದ ಕಾವೇರಿಯ ಕಡೆಗೆ ಇಳಿಯುವ ಕಾಡುದಾರಿಯಲ್ಲಿ, ಜ್ಞಾನಪಾಳ್ಯದ ಬೆನ್ನಿಗೆ ಒಂದು ಬೋಳು ಗುಡ್ಡವಿದೆ. ನೆತ್ತಿಯಲ್ಲಿ ಕಲ್ಲಿನ ಶಿಲುಬೆ, ಸುತ್ತ ಕಾರೆ, ಲಂಟಾನದ ಪೊದೆ. ರಸ್ತೆಬದಿಯ ಫಲಕದಲ್ಲಿ ಯಾರೋ ಇದನ್ನು ‘ಬಂಡೆಗುಡ್ಡ’ ಎಂದು ಬರೆಸಿದ್ದಾರೆ. ಪಾಳ್ಯದವರು ಇದನ್ನು ಒಪ್ಪುವುದಿಲ್ಲ. ಬಂಡೆ ಯಾವ ಗುಡ್ಡದಲ್ಲಿಲ್ಲ? ಇದು ಬಂದೆಗುಡ್ಡ, ಕರೆದಾಗ ‘ಬಂದೆ’ ಎಂದವನ ಗುಡ್ಡ, ಎನ್ನುತ್ತಾರೆ ಎದೆಯುಬ್ಬಿಸಿ.

ಹಿಂದೆ ಒಮ್ಮೆ, ಈ ಸೀಮೆಗೆ ಪಾದ್ರಿ ಸ್ವಾಮಿಗಳು ಕುದುರೆಯೇರಿ ವರ್ಷಕ್ಕೊಮ್ಮೆ ಬಂದು ಪೂಜೆ ಕೊಟ್ಟು ಹೋಗುತ್ತಿದ್ದ ಕಾಲದಲ್ಲಿ, ಪಾಳ್ಯದ ಗುಡಿಯನ್ನು ನೋಡಿಕೊಳ್ಳುತ್ತಿದ್ದವನು ಉಪದೇಶಿ ಸಂತಿಯಾಗಪ್ಪ. ಮಕ್ಕಳಿಗೆ ಮಂತ್ರ ಕಲಿಸುವವನು, ಸತ್ತವರನ್ನು ಮಣ್ಣಿಗೊಪ್ಪಿಸುವವನು ಅವನೇ. ಅವನ ಒಬ್ಬಳೇ ಮಗಳು ಅರುಳಮ್ಮ ಜ್ವರ ಬಂದು ಮಲಗಿದಳು. ಊರವರನ್ನೆಲ್ಲ ಗುಡಿಯಲ್ಲಿ ಸೇರಿಸಿಕೊಂಡು ಅವಳಿಗಾಗಿ ಜಪಸರ ಹೇಳಿಸುತ್ತಿದ್ದ. ಜಪ ಮುಗಿಯುವ ಮುಂಚೆಯೇ ಮನೆಯಿಂದ ಅಳುವಿನ ದನಿ ಕೇಳಿಸಿತು. ಮಗಳ ಮಣ್ಣು ಮುಗಿದ ಮೇಲೂ ಕೆಲವು ತಿಂಗಳು ಅವನು ದಿನವೂ ಮಂತ್ರ ಹೇಳಿದ. ನಾಲಗೆ ಹೊರಳುತ್ತಿತ್ತು, ಒಳಗೆ ಏನೂ ಇರಲಿಲ್ಲ. ಕೊನೆಗೊಂದು ಭಾನುವಾರ ಎಲ್ಲರ ಮುಂದೆ ಗುಡಿಯ ಬೀಗದ ಕೈಯನ್ನು ಪೀಠದ ಮೇಲಿಟ್ಟು, “ನಾನು ನಂಬದ್ದನ್ನ ನಿಮಗೆ ಹೇಳಿಕೊಡಲಾರೆ. ಅದು ಮೋಸ” ಎಂದುಬಿಟ್ಟ. ಅಂತೋಣಮ್ಮ ಎಂಬ ಗಟ್ಟಿಗಿತ್ತಿ ಮುದುಕಿ, “ದೇವರಿಗೇ ಬೆನ್ನು ಮಾಡಿದೆಯಲ್ಲೋ!” ಎಂದು ಬೀದಿಯುದ್ದಕ್ಕೂ ಬೈದುಕೊಂಡು ಹೋದಳು. ಸಂತಿಯಾಗಪ್ಪ ಗುಡ್ಡದ ಮೇಲೆ ಗುಡಿಸಲು ಹಾಕಿಕೊಂಡು ಆಡು ಮೇಯಿಸತೊಡಗಿದ. ಕೆಳಗೆ ಮೂರು ಹೊತ್ತಿನ ಪ್ರಾರ್ಥನೆಗೆ ತ್ರಿಕಾಲದ ಗಂಟೆ ಹೊಡೆದರೆ ಎದ್ದು ಗುಡ್ಡದ ಆಚೆ ಮಗ್ಗುಲಿಗೆ ಹೋಗಿಬಿಡುತ್ತಿದ್ದನಂತೆ.

ಆ ವರ್ಷದ ಸುಗ್ಗಿ ಮುಗಿಯುತ್ತಲೇ ಊರಿನಲ್ಲಿ ಇಲಿಗಳು ಸತ್ತು ಬಿದ್ದವು. ಹಿಂದೆಯೇ ಗೆಡ್ಡೆ ಕಟ್ಟುವ ಪ್ಲೇಗು ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡರು. ರೋಗ ತಗುಲಿದವರನ್ನು ಗುಡ್ಡದ ಬುಡದ ಸೋಗೆ ಚಪ್ಪರಗಳಲ್ಲಿ ಮಲಗಿಸಿ ದೂರ ಸರಿದರು. ದಾರಿಗಳಿಗೆ ಪಹರೆ ಬಿದ್ದಿತ್ತು, ಸ್ವಾಮಿಗಳು ಬರುವಂತಿರಲಿಲ್ಲ. ಒಂದು ಮಧ್ಯಾಹ್ನ ಆ ಚಪ್ಪರಗಳಿಂದ ಒಡಕು ದನಿಯೊಂದು ಮೇಲಕ್ಕೆ ಬಂತು: “ಉಪದೇಶೀ...” ಅದು ಅಂತೋಣಮ್ಮನ ದನಿ. ಸಂತಿಯಾಗಪ್ಪ ಕೇಳಿಸದವನಂತೆ ಕೂತ. ಆ ಕೆಲಸ ತನ್ನದಲ್ಲವಲ್ಲ! ದನಿ ಮತ್ತೆ ಬಂತು. ಮೂರನೆಯ ಸಲ ಕರೆದಾಗ ತಡೆಯಲಾರದೆ ಎದ್ದು, “ಬಂದೆ!” ಎಂದು ಕೂಗಿ ಇಳಿದ.

ಅವಳ ಬಾಯಿಗೆ ನೀರು ಬಿಟ್ಟ. “ಪರಲೋಕ ಮಂತ್ರ ಹೇಳಪ್ಪ” ಎಂದಳು.

“ನನ್ನ ಕೈಲಾಗಲ್ಲ ಅಜ್ಜಿ. ನಂಬಿಕೆ ಸತ್ತುಹೋದವನು ನಾನು. ನಿನಗೇ ಗೊತ್ತಲ್ಲ.”

“ನಂಬೋ ಕೆಲಸ ನಾನು ಮಾಡ್ತೀನಿ. ನನಗೆ ಗಂಟಲು ಹೋಗಿದೆ, ನೀನು ಬಾಯಿಬಿಟ್ಟು ಹೇಳು.”

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿ ಕೊನೆಯವರೆಗೂ ಹೇಳಿದ. ಪಕ್ಕದ ಚಪ್ಪರದಿಂದ ಇನ್ನೊಬ್ಬರು ಕರೆದರು, ಅಲ್ಲಿಗೂ ಹೋದ. ಮರುದಿನದಿಂದ ಅವನಿಗೆ ಅದೇ ಕಾಯಕವಾಯಿತು: ಗಂಜಿ ಕಾಯಿಸುವುದು, ಕೀವು ಒರೆಸುವುದು, ಕೇಳಿದವರಿಗೆ ಮಂತ್ರ ಹೇಳುವುದು, ಗುಂಡಿ ತೋಡುವುದು. ಆಡಿಗೆ ನೀರು ತೋರಿಸಲು ಮೇಲೆ ಹೋಗಿದ್ದರೂ ಕೂಗು ಕೇಳಿದೊಡನೆ “ಬಂದೆ!” ಎನ್ನುತ್ತಿದ್ದ. ಆ ಒಂದು ಮಾತು ಕೇಳಿದರೆ ಸಾಕು, ನರಳುವವರಿಗೆ ಜೀವ ಬಂದಂತಾಗುತ್ತಿತ್ತಂತೆ.

ಅಂತೋಣಮ್ಮ ಉಳಿಯಲಿಲ್ಲ. ಅವಳಿಗೆ ಮಣ್ಣು ಮುಚ್ಚಿ ಗುದ್ದಲಿ ಕೆಳಗಿಟ್ಟ ಮೇಲೂ ತನ್ನ ತುಟಿ ಆಡುತ್ತಿರುವುದು ಸಂತಿಯಾಗಪ್ಪನಿಗೆ ತಿಳಿಯಿತು. ನಮೋ ಮರಿಯಾ ಮಂತ್ರ ಹೇಳುತ್ತಿದ್ದ. ಕೇಳಿಸಿಕೊಳ್ಳಲು ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಹಾಗಾದರೆ ಇದನ್ನು ಯಾರಿಗೆ ಹೇಳುತ್ತಿದ್ದೇನೆ? ಅವನು ಹಸಿಮಣ್ಣಿನ ಮೇಲೆಯೇ ಕುಸಿದು ಕೂತು, ಮಗಳು ಸತ್ತಾಗಲೂ ಅಳದವನು ಗೊಳೋ ಎಂದು ಅತ್ತ. ಅಷ್ಟರಲ್ಲಿ ಚಪ್ಪರದಿಂದ ಯಾರೋ ಕೂಗಿದರು. ಕಣ್ಣೊರೆಸಿಕೊಂಡು ಎದ್ದ.

ರೋಗ ಇಳಿದು ಪಹರೆ ತೆಗೆದ ಮೇಲೆ ಸ್ವಾಮಿಗಳು ಬಂದರು. ಬದುಕುಳಿದವರ ಬಾಯಿಂದ ಎಲ್ಲವನ್ನೂ ಕೇಳಿ, ಅವನನ್ನು ಕರೆಸಿ, “ಈಗ ನಂಬಿಕೆ ಇದೆಯೇನಪ್ಪ?” ಎಂದರು.

“ಒಂದೊಂದು ದಿನ ಇರುತ್ತೆ ಸ್ವಾಮಿ, ಒಂದೊಂದು ದಿನ ಇರಲ್ಲ. ಯಾರಾದರೂ ಕರೆದರಂತೂ ಹೋಗೇ ಹೋಗ್ತೀನಿ.”

ಸ್ವಾಮಿಗಳು ಅವನ ಪಾಪನಿವೇದನೆ ಕೇಳಿ, ಪರಮಪ್ರಸಾದ ಕೊಟ್ಟು, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಮುಪ್ಪಾಗಿ ಕಾಲು ಸೋಲುವವರೆಗೂ ಅವನೇ ಪಾಳ್ಯದ ಉಪದೇಶಿಯಾಗಿದ್ದ ಎನ್ನುತ್ತಾರೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಬಂದವರು ಇಂದಿಗೂ ಒಂದು ಪದ್ಧತಿಯನ್ನು ನೋಡಬಹುದು. ಭಕ್ತರು ಗುಡ್ಡ ಹತ್ತಿ ಶಿಲುಬೆಯ ಸುತ್ತ ನಿಲ್ಲುತ್ತಾರೆ. ಬುಡದಲ್ಲಿ ಉಳಿದ ಹಿರಿಯ ಹೆಂಗಸರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಮೇಲಿನಿಂದ ‘ಬಂದೆ!’ ಎಂಬ ಉತ್ತರ ಬರುತ್ತದೆ. ಪಾದ್ರಿಯಾಗಲು ಗುರುಮಠಕ್ಕೆ ಹೊರಟ ಹುಡುಗರು, ಕನ್ಯಾಮಠ ಸೇರುವ ಹೆಣ್ಣುಮಕ್ಕಳು ಅಲ್ಲಿ ಓಗೊಟ್ಟೇ ಊರು ಬಿಡುವುದು. ಗುಡಿಯ ಕಡೆ ತಲೆ ಹಾಕದೆ ಎಷ್ಟೋ ವರ್ಷವಾದವರೂ ಆ ದಿನ ಬಂದು ಮೇಲೆ ಒಂದು ಪಕ್ಕದಲ್ಲಿ ನಿಂತಿರುತ್ತಾರೆ. ಯಾಕೆ ಬಂದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅವರ ಹೆಸರನ್ನೂ ಕರೆಯುತ್ತಾರೆ. ಉತ್ತರ ಬರುವವರೆಗೆ ಕೆಳಗಿನವರು ಕಾಯುತ್ತಾರೆ.