ನೀಲಿಗೆ ಮಾಡಿದ್ದೆಲ್ಲ ಸಾಹುಕಾರ್ರಿಗೂ

ಬಿಸಿಲಿಗೆ ಬರವಿಲ್ಲದ ರಾಯಚೂರು ಸೀಮೆಯ ಒಂದು ಊರು. ಅಲ್ಲಿ ಹುಲಿಗೆಮ್ಮ ಅಂತ ಒಬ್ಬಳು, ಜೋಳದ ರೊಟ್ಟಿ ಬಡಿದು ಮಾರುವವಳು. ಅವಳಿಗೊಬ್ಬ ಮಗ, ಸಾಬಣ್ಣ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಮೀರುತ್ತಿರಲಿಲ್ಲ, ಅದೇ ತೊಂದರೆ. "ಒಲಿ ಮುಂದ ಕುಂದ್ರು" ಅಂದರೆ ಒಲೆ ಆರಿದ ಮೇಲೂ ಕೂತೇ ಇರುತ್ತಿದ್ದ.

"ಎಂಥಾ ಮಗ ಹುಟ್ಟಿದೆಪ್ಪಾ ನನ್ನ ಹೊಟ್ಟ್ಯಾಗ!" ಅಂತ ಹುಲಿಗೆಮ್ಮ ಹಣೆ ಬಡಿದುಕೊಳ್ಳುವಳು.

"ಹಡೆದಾಕಿ ನೀನು. ನನಗೇನ ಗೊತ್ತವ್ವ?" ಅನ್ನುವನು ಸಾಬಣ್ಣ.

ಅದೇ ಊರಲ್ಲಿ ಗುತ್ತಿಗೆದಾರ ಪಂಪಾಪತಿ ಹೊಸ ಬಂಗಲೆ ಕಟ್ಟಿಸಿದ. ಬಂಗಲೆಗೆ ದೊಡ್ಡ ಗೇಟು, ಗೇಟಿಗೆ ಒಪ್ಪಲಿ ಅಂತ ಒಂದು ಹಸ್ಕಿ ನಾಯಿ. ಹಿಮದ ಮೇಲೆ ಗಾಡಿ ಎಳೆಯುವ ಜಾತಿ. ಮೈಗೆ ಎರಡು ಪದರ ಕೂದಲು, ನೀಲಿ ಕಣ್ಣು. ಅಂಥದ್ದನ್ನು ತಂದು ನಡುಬೇಸಿಗೆಯಲ್ಲಿ ಕಾದ ಕಬ್ಬಿಣಕ್ಕೆ ಬಿಗಿದ. ಅವನನ್ನು ಊರಲ್ಲಿ ಯಾರೂ ಪೆದ್ದ ಅನ್ನಲಿಲ್ಲ. ಸಾಹುಕಾರ ಅಂದರು.

ರೊಟ್ಟಿ ಕೊಡಲು ಹೋದ ಹುಲಿಗೆಮ್ಮ ನೋಡಿದಾಗ ನಾಯಿ ನಾಲಗೆ ಚಾಚಿ ಅಡ್ಡ ಬಿದ್ದಿತ್ತು.

"ಸಾಹುಕಾರ್ರೇ, ಸಾಯಾಕ ಹತ್ತೈತ್ರಿ!"

"ಬೊಗಳಾಕೂ ಬರಂಗಿಲ್ಲ ಅದಕ್ಕ. ಬರೇ ಊಳಿಡತೈತಿ. ಬೇಕಂದ್ರ ಎತ್ತಿಕೊಂಡು ಹೋಗು!"

ತಾಯಿ ಮಗ ಇಬ್ಬರೂ ಅದನ್ನು ಹೊತ್ತು ದನದ ದವಾಖಾನೆಗೆ ಓಡಿದರು. ಡಾಕ್ಟರು ನೀರು ಹಾಕಿ, ಸೂಜಿ ಚುಚ್ಚಿ ಎಬ್ಬಿಸಿದರು. "ಬದುಕತೈತಿ. ಆದ್ರ ಇನ್ನೊಮ್ಮೆ ಹಿಂಗ ಬಿಸಿಲಿಗೆ ಬಿತ್ತಂದ್ರ ಏಳಂಗಿಲ್ಲಮ್ಮ. ತಂಪಿನಾಗ ಇಡ್ರಿ. ಒಂಟಿ ಬಿಡಬ್ಯಾಡ್ರಿ, ಮಂದಿ ನಡುವ ಇರೋ ನಾಯಿ ಇದು."

ಹುಲಿಗೆಮ್ಮ ಅದಕ್ಕೆ ನೀಲಿ ಅಂತ ಹೆಸರಿಟ್ಟಳು. ಮಗನಿಗೆ ಹೇಳಿದಳು: "ಮನಿಯಾಗ ಎಲ್ಲಕ್ಕಿಂತ ತಂಪು ಜಾಗ ಯಾವುದೈತಿ ನೋಡಿ, ಅಲ್ಲಿ ಇಡು."

ಸಾಬಣ್ಣ ಗೋಡೆ ಮುಟ್ಟಿ ನೋಡಿದ. ನೆಲ ಮುಟ್ಟಿ ನೋಡಿದ. ಹಸಿ ಗೋಣಿಚೀಲ ಸುತ್ತಿದ ನೀರಿನ ಹರವಿ ಮುಟ್ಟಿ ನೋಡಿದ. ಅದೇ ಎಲ್ಲಕ್ಕಿಂತ ತಂಪು! ನೀಲಿಯನ್ನು ಎತ್ತಿ ಹರವಿಯೊಳಗೆ ಇಳಿಸಲು ಹೋದ. ಹಿಂಗಾಲು ಹೋದವು, ಹೊಟ್ಟೆ ಹೋಗಲಿಲ್ಲ. ಹರವಿ ಒಡೆದು ಮನೆಯೆಲ್ಲ ನೀರು. ನೀಲಿ ಆ ನೀರಲ್ಲಿ ಹಾಯಾಗಿ ಹೊರಳಿತು.

"ಹರವಿ ಒಡದ್ಯಲ್ಲೋ ಹುಚ್ಚಪ್ಪಾ! ಹರವಿಗೆ ಮಾಡಿದಂಗ ನಾಯಿಗೂ ಮಾಡಬೇಕಲೇ! ಹಸಿ ಚೀಲದ ಮ್ಯಾಲೆ ಮಲಗಿಸು, ಕಾಲಿಗೆ ನೀರು ಹಾಕು!"

"ಹೂಂ ಯವ್ವ."

ಅಷ್ಟು ಕಲಿತ. ಆಮೇಲೆ ನೀಲಿಯ ಕೂದಲು ಉದುರತೊಡಗಿತು. ಆಚೆಮನೆ ಖಾಜಾಬಿ ಬಂದು, "ಕುರಿಗೆ ಕತ್ತರಸಿದಂಗ ಬೋಳಸಿಬಿಡು ಹುಲಿಗೆಮ್ಮಕ್ಕ, ತಣ್ಣಗಾಗತೈತಿ" ಅಂದಳು. ಹುಲಿಗೆಮ್ಮ ಡಾಕ್ಟರನ್ನು ಕೇಳಿ ಬಂದಳು. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೇ ಬಡಿಯುತ್ತದಂತೆ. ಸತ್ತ ಕೂದಲು ಬಾಚಿ ತೆಗೆದರೆ ಸಾಕಂತೆ.

"ಕೂದಲಾ ಬರೋದು ನಿಲ್ಲೋತನಕ ಬಾಚಲೇ" ಅಂದು ಅವಳು ರೊಟ್ಟಿ ಬಡಿಯಲು ಕೂತಳು.

ಸಾಬಣ್ಣ ಬಾಚಿದ. ಕೂದಲು ಬಂತು. ಬಾಚಿದ, ಬಂತು. ಉಣ್ಣಲು ಕರೆದರೂ ಏಳಲಿಲ್ಲ, ಬಾಚಿದ. ಹಸ್ಕಿಯ ಕೂದಲು ನಿಲ್ಲುತ್ತದೇನು? ಮನೆಯಲ್ಲಿ ಹತ್ತಿ ಹಿಂಜಿದ ಹಾಗೆ ಕೂದಲು ಹಾರಾಡಿ, ಹಿಟ್ಟಿಗೆ ಬಿತ್ತು, ರೊಟ್ಟಿಗೂ ಬಿತ್ತು. ಕೊಂಡವರು ವಾಪಸ್ ತಂದರು.

"ಏನಬೇ ಹುಲಿಗೆಮ್ಮ, ರೊಟ್ಟಿಗೆ ಗಡ್ಡ ಬಂದಾವಲ್ಲ!"

ಹುಲಿಗೆಮ್ಮ ಬಾಚಣಿಗೆ ಕಿತ್ತುಕೊಂಡಳು. "ಸಾಕು ಬಿಡಲೇ! ಇದು ಓಡೋ ಜಾತಿ! ಸಂಜಿ ತಂಪಿನಾಗ ಓಡಸು, ಓಡಿಸಿದ ಮ್ಯಾಲೆ ರೊಟ್ಟಿ ಹಾಕು!"

"ಹೂಂ ಯವ್ವ."

ಸಂಜೆ ಸಾಬಣ್ಣ ಹಗ್ಗ ಬಿಚ್ಚಿ, "ಓಡು!" ಅಂದ. ಓಡಿತು. ಅವನು ರೊಟ್ಟಿ ಹಿಡಿದು ಹೊಸ್ತಿಲ ಮೇಲೆ ಕಾಯುತ್ತ ಕೂತ. ನೀಲಿ ಊರೆಲ್ಲ ಸುತ್ತಿ, ಖಾಜಾಬಿಯ ಹುಂಜವನ್ನು ಬಾಯಲ್ಲಿ ಕಚ್ಚಿಕೊಂಡು ಬಂತು.

"ನಮ್ಮ ಹುಂಜ! ನಮ್ಮ ಹುಂಜ!" ಅಂತ ಖಾಜಾಬಿ ಬಾಯಿ ಬಡಿದುಕೊಂಡಳು.

"ಓಡಸಂದ್ರ ಬಿಟ್ಟ ಬಿಡ್ತಾರೇನಲೇ! ಅದರ ನಡಕ್ಕ ಹಗ್ಗ ಕಟ್ಟಿ, ನೀನೂ ಸಂಗಾಟ ಓಡಬೇಕು! ಏನಾದ್ರೂ ಆಗಲಿ, ಹಗ್ಗ ಬಿಡಬ್ಯಾಡ!"

"ಹೂಂ ಯವ್ವ."

ಹಗ್ಗ ಬಿಡಲಿಲ್ಲ. ಎಳೆದ ಕಡೆ ಹೋದ, ಕಾಲುವೆಗೂ ಬಿದ್ದ, ಬಿಡಲಿಲ್ಲ. ಮನೆಗೆ ಬಂದ ಮೇಲೂ ಬಿಡಲಿಲ್ಲ. ಮರುದಿನ ಲಿಂಗಸೂರಿನಿಂದ ಸೋದರಮಾವ ಬಿಸಿಲಲ್ಲಿ ಬಂದು ಹೊರಗೆ ನಿಂತ.

"ಅಳಿಯಾ, ಒಂದು ಚರಿಗಿ ನೀರು ಕೊಡಪ್ಪಾ!"

"ಕೈಯಾಗ ಹಗ್ಗ ಐತಿ ಮಾವ."

"ಇನ್ನೊಂದು ಕೈ?"

"ಅದರಾಗ ನೀಲಿಗೆ ನೀರು ಕುಡಸಾಕ ಹತ್ತೀನಿ."

ಮಾವ ಬಾಯಾರಿದ ಹಾಗೇ ತಿರುಗಿ ಹೋದ. ಹುಲಿಗೆಮ್ಮ ಬಂದು ಕೇಳಿ, ಹಣೆ ಬಡಿದುಕೊಂಡಳು.

"ಮನಿಗೆ ಬಂದವರನ್ನ ನಾಯಿಗಿಂತ ಕಡಿ ಮಾಡ್ತಿಯೇನೋ! ಕೇಳಿಲ್ಲಿ! ನೀಲಿಗೆ ಏನೇನ ಮಾಡ್ತಿ, ಬಂದವರಿಗೂ ಅಷ್ಟೂ ಮಾಡು! ಒಂದೂ ಬಿಡಬ್ಯಾಡ!"

"ಹೂಂ ಯವ್ವ."

ಹೀಗೇ ದಿನ ಹೋದವು. ನೀಲಿ ಮೈ ತುಂಬಿಕೊಂಡಿತು. ಸಾಬಣ್ಣ ಹಾಡಿದರೆ ಜೊತೆಗೆ ಊಳಿಡುತ್ತಿತ್ತು. ಹುಲಿಗೆಮ್ಮ ರೊಟ್ಟಿ ಬಡಿಯುವಾಗ ಅವಳ ಮೊಣಕಾಲಿಗೆ ತಲೆ ಇಟ್ಟು ಮಲಗುತ್ತಿತ್ತು. ಬಿಸಿಲು ಮಾತ್ರ ಇನ್ನೂ ಇಳಿದಿರಲಿಲ್ಲ.

ಒಂದು ಸಂಜೆ ಪಂಪಾಪತಿ ಬಂದ. ಕಾರು ಓಣಿಗೆ ಹಿಡಿಸಲಿಲ್ಲ, ನಡೆದೇ ಬಂದ. ದಪ್ಪ ಮೈ, ಬಿಗಿ ಸಫಾರಿ, ಬೆವರೋ ಬೆವರು, ಬಾಯಿ ತೆರೆದು ಉಸಿರು ಬಿಡುತ್ತಿದ್ದ.

"ನಾಳಿ ಬೀಗರು ಬರ್ತಾರ. ಗೇಟಿಗೆ ನಾಯಿ ಕಟ್ಟಬೇಕು. ಕೊಡು."

"ಸಾಹುಕಾರ್ರೇ, ಇನ್ನೊಂದು ಬಿಸಲಿಗೆ ಸಾಯತೈತ್ರಿ! ಡಾಕ್ಟರು ಹೇಳ್ಯಾರ್ರಿ!"

"ಸತ್ರ ಇನ್ನೊಂದು ತರ್ತೀನಿ. ನಾಯಿ ನಂದು."

ಇನ್ನೊಂದು ತರ್ತೀನಿ! ರೊಕ್ಕ ಇದ್ದವರ ಬಾಯಲ್ಲಿ ಜೀವ ಅನ್ನುವುದು ಅಂಗಡಿಯ ಸಾಮಾನು. ಹುಲಿಗೆಮ್ಮ ಎದುರಾಡುವ ಹಾಗಿರಲಿಲ್ಲ. ದಿನಾ ರೊಟ್ಟಿ ಕೊಳ್ಳುವ ಮನೆ ಅದು. "ಕುಂದ್ರಿ, ಕರಕೊಂಡು ಬರ್ತೀನಿ" ಅಂದವಳು ಮಗನಿಗೆ "ಸಾಹುಕಾರ್ರನ್ನ ನೋಡಿಕೋ" ಅಂತ ಹೇಳಿ ಒಳಗೆ ಹೋದಳು. ನೀಲಿಯ ಕುತ್ತಿಗೆ ಅಪ್ಪಿಕೊಂಡಳು. ಅದು ಅವಳ ಕೆನ್ನೆ ನೆಕ್ಕಿತು. ಅಳು ನಿಲ್ಲಲಿಲ್ಲ.

ಹೊರಗೆ ಕೂಗು ಕೇಳಿಸಿತು. "ಏ! ಏ! ಏನ ಮಾಡ್ತಿಯಲೇ!"

ಓಡಿ ಬಂದು ನೋಡುತ್ತಾಳೆ. ಸಾಹುಕಾರ ಹಸಿ ಗೋಣಿಚೀಲದ ಮೇಲೆ ಅಂಗಾತ ಬಿದ್ದಿದ್ದಾನೆ. ಬೂಟಿನ ತುಂಬ ನೀರು. ಸಾಬಣ್ಣ ಎದೆಯ ಮೇಲೆ ಮೊಣಕಾಲೂರಿ, ನೀಲಿಯ ಬಾಚಣಿಗೆಯಿಂದ ಸಾಹುಕಾರನ ಮೀಸೆ ಬಾಚುತ್ತಿದ್ದಾನೆ.

"ಅಲ್ಲಾಡಬ್ಯಾಡ್ರಿ! ಸತ್ತ ಕೂದಲಾ ಬಾಳ ಅದಾವ!"

ಸಾಹುಕಾರ ಅವನನ್ನು ಕೊಡವಿ ಎದ್ದ. ಎದ್ದರೆ ನಡುವಿಗೆ ಹಗ್ಗ!

"ಹೌದ್ರಿ, ಈಗ ಓಡೋದು!"

ಸಾಹುಕಾರ ಓಡಿದ. ಸಾಬಣ್ಣ ಹಗ್ಗ ಹಿಡಿದು ಹಿಂದೆ ಓಡಿದ. ಓಡುವುದೆಂದರೆ ನೀಲಿ ಬಿಡುತ್ತದೆಯೇ? ಹುಲಿಗೆಮ್ಮನ ಕೈ ಜಾರಿಸಿ, ಊಳಿಡುತ್ತ ಇಬ್ಬರನ್ನೂ ದಾಟಿತು. ಓಣಿಯ ಮಂದಿಯೆಲ್ಲ ಹೊರಗೆ ಬಂದರು.

"ಹಗ್ಗ ಬಿಡಲೇ!" ಅಂತ ಸಾಹುಕಾರ.

"ಅವ್ವ ಬ್ಯಾಡಂದಾಳ್ರಿ!" ಅಂತ ಸಾಬಣ್ಣ.

ಕಾರಿನ ಹತ್ತಿರ ಡ್ರೈವರ್ ಗಂಟು ಬಿಚ್ಚಿ ಬಿಡಿಸಿದ. ಸಾಹುಕಾರ ಬಾಗಿಲು ಹಾಕಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಚೀರಿದ: "ಆ ನಾಯಿ ನನ್ನ ಗೇಟಿನ ಸನೇಕ ಬರಬಾರದು! ನಿಮ್ಮ ಹುಚ್ಚು ಅದಕ್ಕೂ ಹತ್ತೈತಿ! ನೀವ ಇಟ್ಟುಕೊಂಡು ಸಾಯ್ರಿ!"

ಕಾರು ಹೋಯಿತು.

ಸಾಬಣ್ಣ ನೀಲಿಯನ್ನು ಕರೆದುಕೊಂಡು ವಾಪಸ್ ಬಂದ. ಹುಲಿಗೆಮ್ಮ ಬೈಯಲು ಬಾಯಿ ತೆರೆದಳು. ಬಂದದ್ದು ನಗು. ನೀಲಿ ಹಸಿ ಚೀಲದ ಮೇಲೆ ಉದ್ದಕ್ಕೆ ಮಲಗಿತು. ಸಾಬಣ್ಣ ಮಾತ್ರ ಕೂರಲಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮತ್ತೆ ಬಾಗಿಲಿಗೆ ಹೊರಟ.

"ಎಲ್ಲಿಗಲೇ?"

"ಸಾಹುಕಾರ್ರು ಚಲೋ ಓಡಿದ್ರು ಯವ್ವ. ಅವರಿಗೆ ರೊಟ್ಟಿ ಹಾಕಿ ಬರ್ತೀನಿ."