ಕೊಬ್ಬರಿ ವರ್ತಕನ ದವಡೆ

“ಗುರುಗಳೇ, ಹನ್ನೆರಡು ವರ್ಷದಿಂದ ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಬಂದಿದ್ದೇನೆ. ಆದರೂ ಈ ಒಂದು ಗಾಯ ಯಾಕೆ ಮಾಯುತ್ತಿಲ್ಲ?”

ಕೇಳಿದವನು ಚನ್ನವೀರಯ್ಯ, ಅರವತ್ತು ದಾಟಿದ ಶಿಷ್ಯ. ಕೂತಲ್ಲಿ ಕೂರಲಾಗದೆ ಆಗಲೇ ಎರಡು ಸಲ ಎದ್ದು ಕೂತಿದ್ದ. ತಂದೆ ತೀರಿಕೊಂಡಾಗ, ಇವನು ಊರು ತಲುಪುವ ಮೊದಲೇ, ಒಡಹುಟ್ಟಿದ ತಮ್ಮ ಮಣ್ಣು ಮುಗಿಸಿಬಿಟ್ಟಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗ ಆ ತಮ್ಮನೇ ನಾಳೆ ಬೆಳಿಗ್ಗೆ ಮನೆಗೆ ಬರುತ್ತಾನಂತೆ, ತನ್ನ ಮಗಳ ಮದುವೆಗೆ ಕರೆಯಲು. ಬಾಗಿಲು ತೆರೆಯುವುದೋ ಬೇಡವೋ, ಅದೇ ತಳಮಳ.

ಗುರುಗಳು ಹೇಳತೊಡಗಿದರು.

ಒಬ್ಬ ಕೊಬ್ಬರಿ ವರ್ತಕನಿದ್ದ. ಎಪ್ಪತ್ತು ವರ್ಷ. ಹಲ್ಲಿನಲ್ಲಿ ಕಡಿದು ನೋಡದೆ ಒಂದು ಕೊಬ್ಬರಿಯನ್ನೂ ಕೊಂಡವನಲ್ಲ. ಅಂಥವನ ದವಡೆಯ ಎಲುಬಿನಲ್ಲಿ ಕೀವು ತುಂಬಿತು. ಆಪರೇಷನ್ನಿಗೆ ಮುಂಚೆ ವೈದ್ಯರು, “ಯಜಮಾನರೇ, ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರು. “ಎಂಥದ್ದೂ ಇಲ್ಲ” ಎಂದುಬಿಟ್ಟ. ಎಲುಬು ಸವೆಯದಿರಲೆಂದು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುತ್ತಿದ್ದ ಇಂಜೆಕ್ಷನ್ ಇತ್ತಲ್ಲ, ಅದು ಅವನ ಪಾಲಿಗೆ ಔಷಧಿಯಲ್ಲ, ಶಕ್ತಿ.

ಒಂದು ತಿಂಗಳಾಯಿತು, ಮೂರು ತಿಂಗಳಾಯಿತು. ಗಾಯ ಕೂಡಲಿಲ್ಲ. ಒಸಡಿನ ನಡುವೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ಗಂಜಿ ಕುಡಿದು ಕುಡಿದು ವರ್ತಕ ಸೊರಗಿದ. ಮಂಡಿಗೆ ಹೋದರೆ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತ ನಿಲ್ಲುವನು. ಕೊನೆಗೆ ಹೆಂಡತಿಯೇ ಆ ಇಂಜೆಕ್ಷನ್ನಿನ ಚೀಟಿ ತಂದು ವೈದ್ಯರ ಮುಂದಿಟ್ಟಳು.

ವೈದ್ಯರು ಹಣೆ ಒತ್ತಿಕೊಂಡರು. “ಮೊದಲೇ ಹೇಳಬಾರದಿತ್ತೇ? ಬೇರೆ ದಾರಿ ನೋಡುತ್ತಿದ್ದೆವು. ಗಾಯ ಮಾಯಬೇಕಾದರೆ ಹಳೆಯ ಎಲುಬು ಸ್ವಲ್ಪ ಕರಗಬೇಕು, ಆಮೇಲೆ ಅಲ್ಲಿ ಹೊಸದು ಹುಟ್ಟುತ್ತದೆ. ಈ ಇಂಜೆಕ್ಷನ್ ಹಳೆಯದನ್ನು ಕರಗಲು ಬಿಡುವುದಿಲ್ಲ.”

“ಗಟ್ಟಿಯಾಗಿರಲಿ ಅಂತಲೇ ಅಲ್ಲವೇ ಸ್ವಾಮಿ, ಹಾಕಿಸಿಕೊಂಡದ್ದು?” ಎಂದ ವರ್ತಕ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರಯ್ಯನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದ, ಮತ್ತೆ ಬಿಚ್ಚಿದ.

“ಪಾಪ, ಮುದುಕನ ಎಲುಬು. ವಯಸ್ಸಾದ ಮೇಲೆ ಶಕ್ತಿ ಎಲ್ಲಿರುತ್ತದೆ, ಗುರುಗಳೇ?”

“ಶಕ್ತಿಗೇನೂ ಕೊರತೆಯಿರಲಿಲ್ಲಪ್ಪ, ಆ ಎಲುಬು ನಿನ್ನ ಮನಸ್ಸಿನಷ್ಟೇ ಗಟ್ಟಿಯಾಗಿತ್ತು.”