ಫೋರ್ಕಿನ ನಮಸ್ಕಾರ

ಡೆಂಜಿಲ್ ತನ್ನ ಒಂದೇ ಗೇರಿನ ಗುಡ್ಡದ ಸೈಕಲ್ಲಿಗೆ, ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ, ಸ್ಪ್ರಿಂಗ್ ಇರುವ ಹೊಸ ಫೋರ್ಕ್ ಹಾಕಿಸಿದ. ಏರು ಬಂತು. ಗೇರು ಇಳಿಸುವಂತಿಲ್ಲವಲ್ಲ, ಸೀಟು ಬಿಟ್ಟು ನಿಂತೇ ತುಳಿದ. ಒಂದೊಂದು ತುಳಿತಕ್ಕೂ ಫೋರ್ಕ್ ಕುಸಿದು ಎದ್ದಿತು.

"ಏನಯ್ಯಾ ಈ ಕುಣಿತ?" ಎಂದಿತು ಪೆಡಲ್ ಹೊತ್ತು ತಿರುಗುತ್ತಿದ್ದ ಕ್ರ್ಯಾಂಕ್.

"ಕುಣಿತವಲ್ಲ, ನಮಸ್ಕಾರ. ಧಣಿಗಳು ತುಳಿದಾಗಲೆಲ್ಲ ತಲೆಬಾಗುವುದು ನನ್ನ ಧರ್ಮ."

"ನೀನು ಬಾಗಿದಷ್ಟೂ ಅವರ ಬಲ ನಿನ್ನ ಹೊಟ್ಟೆಗೇ ಹೋಗುತ್ತಿದೆ. ಚಕ್ರಕ್ಕೆ ಕೊಡಲು ನನಗೇನು ಉಳಿಯಿತು? ಏರು ಮುಗಿಯುವವರೆಗಾದರೂ ಬಿಗಿಯಾಗಿ ನಿಲ್ಲು."

"ಧಣಿಗಳ ಎದುರು ಸೆಟೆದು ನಿಲ್ಲಲೆ? ಶಿವ ಶಿವಾ!"

ಅರ್ಧ ಗುಡ್ಡದಲ್ಲೇ ಡೆಂಜಿಲ್ ಏದುಸಿರು ಬಿಡುತ್ತ ಇಳಿದ. ಸೈಕಲ್ ತಳ್ಳಿಕೊಂಡು ನೇರ ಅಂಗಡಿಗೆ ಹೋದ.

"ಫೋರ್ಕ್ ಬಂಗಾರದಂಥದ್ದು, ಕೈಗೆ ಒಂದು ಕುಲುಕೂ ತಾಗಲಿಲ್ಲ. ಈ ದರಿದ್ರ ಕ್ರ್ಯಾಂಕ್ ಬದಲಾಯಿಸಿ. ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗುವುದಿಲ್ಲ."

ಮರುದಿನ ಅದೇ ಏರಿನಲ್ಲಿ ಹೊಸ ಕ್ರ್ಯಾಂಕ್ ಕೇಳಿತು, "ನನಗಿಂತ ಮುಂಚೆ ಇಲ್ಲಿದ್ದವನು ಏನಾದ?"

ಫೋರ್ಕ್ ಇನ್ನೂ ಒಂದಿಷ್ಟು ಹೆಚ್ಚೇ ಬಾಗಿ ಹೇಳಿತು, "ಪಾಪ, ಕೆಲಸ ಮಾಡುತ್ತಿದ್ದ. ತಲೆಬಾಗುವುದು ಗೊತ್ತಿರಲಿಲ್ಲ."